ಖಾತ್ರಿ ಓಟು

ಟೀಚರ್ ಎರಡನೇ ಸಲ ಪುರಸಭೆಗೆ ನಿಂತಾಗ ಮನೆಯವರು ಮೊದಲು ಕಳೆದುಕೊಂಡದ್ದು ಊಟದ ಮೇಜನ್ನು. ಅದರ ಮೇಲೆ ಕರಪತ್ರಗಳ ಕಟ್ಟು, ಕುರ್ಚಿಗಳ ಮೇಲೆ ಬಾವುಟದ ಬಟ್ಟೆ, ಕಿಟಕಿಯಲ್ಲಿ ಅಂಟಿನ ಡಬ್ಬ. ಎಲ್ಲರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುವುದನ್ನು ರೂಢಿ ಮಾಡಿಕೊಂಡರು.

ಬಾವುಟ ಹೊಲಿಯುತ್ತಿದ್ದವನು ಟೀಚರ್‌ನ ತಮ್ಮ. ಬೀದಿಗೆಲ್ಲ ಅವನು ಟೈಲರ್. ಕೆಲಸ ಎಂದ ಮೇಲೆ ಯಾರ ಬಾವುಟವಾದರೇನು? ಅಕ್ಕನ ಬಾವುಟದ ಜೊತೆಗೆ ಅಕ್ಕನ ಎದುರಾಳಿ ಬಸ್ ಮಾಲೀಕನ ಬಾವುಟವನ್ನೂ ಹೊಲಿಯುತ್ತಿದ್ದ. ಅಮ್ಮ ಅವನ್ನು ಮಡಿಚಿ ಮಂಚದ ಕೆಳಗೆ ತಳ್ಳುತ್ತಿದ್ದಳು. "ಯಾರ ಕಣ್ಣಿಗಾದ್ರೂ ಬಿದ್ರೆ ನಿಮ್ಮಕ್ಕ ನಮ್ಮಿಬ್ಬರನ್ನೂ ಬೀದಿಗೆ ಹಾಕ್ತಾಳೆ" ಎನ್ನುತ್ತಿದ್ದಳು.

ಕೆಳಗಿನ ಮನೆಯಲ್ಲಿ ನಾಲ್ಕು ಜನ: ಅಮ್ಮ, ಟೀಚರ್, ಟೀಚರ್‌ನ ಹದಿನೇಳು ವರ್ಷದ ಮಗಳು, ಮತ್ತು ಟೈಲರ್. ಮಹಡಿಯ ಒಂದು ಕೋಣೆಯಲ್ಲಿ ಕನ್ನಡಕದ ಅಂಗಡಿಯವನು. ಬೀದಿಯವರ ಪಾಲಿಗೆ ಅವನು ಬಾಡಿಗೆಯವನು. ಮನೆಯವರ ಪಾಲಿಗೆ ಏನೆಂದು ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಆದರೆ ಕೆಳಗಿನ ಕೋಣೆಯಲ್ಲಿ ಟೈಲರ್‌ಗೆಂದು ಹಾಸಿಟ್ಟ ಹಾಸಿಗೆ ಹನ್ನೊಂದು ವರ್ಷದಿಂದ ಸುಕ್ಕಾಗಿರಲಿಲ್ಲ. ಯಾರೂ ಮಲಗದ ಆ ಹಾಸಿಗೆಯ ಹೊದಿಕೆಯನ್ನು ಅಮ್ಮ ಪ್ರತಿ ಭಾನುವಾರ ತೆಗೆದು ಒಗೆದು, ಬೀದಿಗೆ ಕಾಣುವ ಹಾಗೆ ಮುಂದಿನ ಹಗ್ಗದ ಮೇಲೆ ಒಣಹಾಕುತ್ತಿದ್ದಳು.

ಆ ವರ್ಷ ಕನ್ನಡಕದವನು ಮೂರು ಸಲ ಮೆಟ್ಟಿಲ ಮೇಲೆ ಏದುಸಿರು ಬಿಟ್ಟು ಕುಳಿತುಬಿಟ್ಟಿದ್ದ. ಪುರಸಭೆಯ ಆಸ್ಪತ್ರೆಯಲ್ಲಿ ತೋರಿಸಿದಾಗ ಹೃದಯದ ಕವಾಟ ಸೋತಿದೆ, ಕತ್ತರಿಸಿ ಸರಿಮಾಡಬೇಕು ಎಂದರು. ದಿನಾಂಕ ಸಿಕ್ಕಿದ್ದು ಮತದಾನ ಮುಗಿದು ಏಳು ವಾರಕ್ಕೆ. ದಿನಾಂಕದ ಜೊತೆಗೆ ಒಂದು ಒಪ್ಪಿಗೆ ಪತ್ರವನ್ನೂ ಕೊಟ್ಟರು. ರೋಗಿಯ ಪರವಾಗಿ ಸಹಿ ಹಾಕುವವರು, ಒಳಗೆ ಬಂದು ನೋಡುವವರು ರಕ್ತಸಂಬಂಧಿಗಳು ಅಥವಾ ಮದುವೆಯ ಸಂಬಂಧಿಗಳು ಮಾತ್ರ. ಪುರಸಭೆಯ ಆದೇಶ.

"ನಾನು ಹಾಕಬಹುದಾ?" ಎಂದು ಟೈಲರ್ ಕೌಂಟರಿನಲ್ಲಿ ಕೇಳಿದ.

"ನೀವು ಅವರಿಗೆ ಏನಾಗಬೇಕು?"

"ನಮ್ಮ ಮನೇಲಿದ್ದಾರೆ."

"ಮನೆ ಓನರ್ ಸಹಿ ಹಾಕೋದು ಎಲ್ಲಾದರೂ ಉಂಟಾ?" ಎಂದು ಗುಮಾಸ್ತ ನಕ್ಕ.

ಕನ್ನಡಕದವನಿಗೆ ರಕ್ತಸಂಬಂಧಿ ಎಂದರೆ ಪಕ್ಕದ ಊರಿನಲ್ಲಿ ಒಬ್ಬ ಅಣ್ಣ. ಹನ್ನೊಂದು ವರ್ಷದ ಹಿಂದೆ ತಮ್ಮನ ಪೆಟ್ಟಿಗೆಯನ್ನು ತನ್ನ ಕೈಯಾರೆ ರಸ್ತೆಗೆ ಇಟ್ಟವನು. ಆಪರೇಷನ್ ಮೇಜಿನ ಮೇಲೆ ಹೆಚ್ಚುಕಮ್ಮಿಯಾದರೆ ಹೂಂ, ಉಹೂಂ ಹೇಳುವ ಹಕ್ಕು ಅವನದು.

ಬೇಕರಿಯ ಮೇಲಿನ ಕೋಣೆಯಲ್ಲಿ ಪ್ರತಿ ಭಾನುವಾರ ಸೇರುವ ಒಂದು ಸಂಘವಿತ್ತು. ಇವರಂಥ ಹದಿನಾಲ್ಕು ಜನ. ಆ ನಿಯಮ ಬದಲಿಸುತ್ತೀರೋ ಇಲ್ಲವೋ, ಮತದಾನಕ್ಕೆ ಮುಂಚೆ ತಿಳಿಸಿ ಎಂದು ಅವರು ಇಬ್ಬರು ಅಭ್ಯರ್ಥಿಗಳಿಗೂ ಕಾಗದ ಬರೆದರು. ಬಸ್ ಮಾಲೀಕನಿಗೆ ಅಂಚೆಯಲ್ಲಿ ಹೋಯಿತು. ಟೀಚರ್‌ಗೆ ತಮ್ಮನೇ ಕೈಗೆ ಕೊಟ್ಟ, ಅವಳು ಆಲೂಗಡ್ಡೆ ಸುಲಿಯುತ್ತಿದ್ದಾಗ.

ಓದಿ ಮುಗಿಸಿ ಟೀಚರ್ ಕಾಗದವನ್ನು ಸಿಪ್ಪೆಗಳಿಂದ ದೂರ ಸರಿಸಿದಳು. "ಈಗ ಬೇಡ ಕಣೋ."

"ಹೋದ ಸಲಾನೂ ಇದೇ ಅಂದೆ."

"ಹೋದ ಸಲ ಸೋತೆ."

"ಸೋತ ಮೇಲೆ ಕೇಳಿದ್ದಕ್ಕೆ, ಸೋತವಳ ಹತ್ರ ಏನಿದೆ ಅಂತ ಕೇಳ್ತೀಯ ಅಂದೆ."

"ಏನಿತ್ತು ಹೇಳು? ಮೂವತ್ತೊಂದು ಓಟಲ್ಲಿ ಸೋತೆ ಕಣೋ! ಅವನ ಒಂದು ಬಸ್ಸಿನಲ್ಲಿ ಹಿಡಿಸೋ ಅಷ್ಟು ಜನ. ಈ ಸಲ ಅವನು ಭಾಷಣದಲ್ಲಿ ಏನು ಹೇಳ್ತಿದ್ದಾನೆ ಕೇಳಿದ್ಯಾ? ಅಂಥವರಿರೋ ಮನೆಗೆ ಪುರಸಭೆ ನೀರು ಯಾಕೆ ಕೊಡಬೇಕು ಅಂತಾನೆ. ಜನ ಚಪ್ಪಾಳೆ ಹೊಡೀತಾರೆ. ನಾನೀಗ ಬಾಯಿ ಬಿಟ್ರೆ ಅವನಿಗೆ ತಟ್ಟೇಲಿಟ್ಟು ಕೊಟ್ಟ ಹಾಗೆ."

"ಓಟು ಮುಗಿದ ಮೇಲೆ ನಮ್ಮ ಕಾಗದ ಯಾರು ಓದ್ತಾರಕ್ಕ?"

"ನಾನು ಓದ್ತೀನಿ! ನಿನ್ನ ಒಡಹುಟ್ಟಿದವಳು ಕಣೋ ನಾನು. ಅವನ ಅಣ್ಣನ ಥರಾ ಪೆಟ್ಟಿಗೆ ಹೊರಗಿಟ್ನಾ?"

ಇಡಲಿಲ್ಲ, ನಿಜ. ಹನ್ನೊಂದು ವರ್ಷದ ಹಿಂದೆ ಆ ಪೆಟ್ಟಿಗೆಯ ಒಂದು ತುದಿ ಹಿಡಿದು ಮಹಡಿಗೆ ಹತ್ತಿಸಿದವಳು ಇದೇ ಟೀಚರ್. ಟೈಲರ್‌ನ ಬಾಯಿ ಕಟ್ಟುತ್ತಿದ್ದದ್ದೂ ಅದೇ.

ಕನ್ನಡಕದವನು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. "ಟೀಚರ್ ಹೇಳೋದು ಸರಿ. ಕಾಯೋಣ ಬಿಡು" ಎಂದ.

"ಮುಂದೆ ಕಾಣಲ್ಲ ಅಂದವರಿಗೆಲ್ಲ ಕನ್ನಡಕ ಕೊಡ್ತೀಯ. ನಿನಗೆ ಯಾರು ಕೊಡಬೇಕು?" ಎಂದು ಟೈಲರ್ ರೇಗಿದ.

ಮರುವಾರ ಕರಪತ್ರಕ್ಕೆ ಮನೆಮಂದಿಯ ಫೋಟೋ ಬೇಕಾಯಿತು. ಅಮ್ಮ ಕುರ್ಚಿಯಲ್ಲಿ, ಟೀಚರ್ ಹಿಂದೆ, ಮಗಳು ಒಂದು ಕಡೆ, ಟೈಲರ್ ಇನ್ನೊಂದು ಕಡೆ. ಕ್ಯಾಮೆರಾ ಹಿಡಿದವನು ಯಾವಾಗಲೂ ಹಿಡಿಯುವವನೇ.

"ನೀನೂ ಬಂದು ನಿಂತ್ಕೊಳಪ್ಪ" ಎಂದಳು ಅಮ್ಮ.

"ಆಮೇಲೆ ತೆಗೆಯೋರು ಯಾರಮ್ಮ?" ಎಂದ ಕನ್ನಡಕದವನು.

ಟೀಚರ್ ಸೀರೆಯ ನೆರಿಗೆ ಸರಿಮಾಡಿಕೊಳ್ಳುವುದರಲ್ಲಿ ಬಹಳ ಹೊತ್ತು ತೊಡಗಿದಳು. ಮನೆಯ ಆಲ್ಬಮ್ಮಿನಲ್ಲಿ ಹನ್ನೊಂದು ವರ್ಷದ ಫೋಟೋಗಳಿದ್ದವು, ಒಂದರಲ್ಲೂ ಅವನಿರಲಿಲ್ಲ.

ಮತದಾನಕ್ಕೆ ಮೂರು ವಾರ ಇದ್ದಾಗ ಪಕ್ಷದ ಕಚೇರಿಯಿಂದ ಮನೆಪಟ್ಟಿ ಬಂತು. ವಾರ್ಡಿನ ಒಂದೊಂದು ಮನೆಯ ಒಂದೊಂದು ಹೆಸರಿನ ಮುಂದೂ ಬಣ್ಣದ ಚುಕ್ಕೆ ಇಡಬೇಕು. ಹಸಿರು ಎಂದರೆ ಖಾತ್ರಿ, ಹಳದಿ ಎಂದರೆ ಅನುಮಾನ, ಕೆಂಪು ಎಂದರೆ ಆಸೆ ಬಿಟ್ಟವರು. ಸ್ಕೆಚ್ ಪೆನ್ನು ಹಿಡಿದು ಕೂತವಳು ಟೀಚರ್‌ನ ಮಗಳು. ಟೈಲರ್ ಗುಂಡಿ ಹೊಲಿಯುತ್ತಾ ಬಗ್ಗಿ ನೋಡಿದ. ತನ್ನ ಹೆಸರಿನ ಮುಂದೆ ಹಸಿರು. ಅದರ ಕೆಳಗೆ 'ಮಹಡಿ, ಬಾಡಿಗೆ, ಒಂದು ಓಟು' ಎಂದು ಬರೆದು ಅದಕ್ಕೂ ಹಸಿರು.

"ಹಸಿರು ಚುಕ್ಕೆಯವರ ಮನೆಗೆ ಯಾವತ್ತು ಹೋಗ್ತೀರ?"

"ಹೋಗಲ್ಲ ಮಾಮ. ಖಾತ್ರಿ ಇರೋರ ಹತ್ರ ಹೋಗಿ ಟೈಮ್ ಯಾಕೆ ಹಾಳು ಮಾಡ್ಬೇಕು? ಹಳದಿಯವರ ಮನೆಗೆ ಮೂರು ಮೂರು ಸಲ ಹೋಗ್ತೀವಿ. ಅವರು ಕೇಳಿದ್ದೆಲ್ಲ ಬರ್ಕೊಂಡು ಬರ್ತೀವಿ. ಚರಂಡಿ, ಬೀದಿದೀಪ, ಏನು ಬೇಕಾದ್ರೂ."

ಟೈಲರ್‌ನ ಕೈಯಲ್ಲಿ ಸೂಜಿ ನಿಂತಿತು. "ಹಂಗಾದ್ರೆ ನನ್ನದು ಹಳದಿ ಮಾಡು."

"ಮಾಮ!"

"ಮಾಡೇ. ಮೇಲಿನ ಮಾಮಂದೂ ಮಾಡು."

ಹುಡುಗಿ ಅಡುಗೆಮನೆಯ ಕಡೆ ಒಮ್ಮೆ ನೋಡಿ, ತುಟಿ ಕಚ್ಚಿಕೊಂಡು ನಗುತ್ತಾ ಆ ಹಾಳೆಯನ್ನೇ ಹರಿದು ಹೊಸದಾಗಿ ಬರೆದಳು.

ಆ ಭಾನುವಾರ ಟೈಲರ್ ಸಂಘದಲ್ಲಿ ವಿಷಯ ಎತ್ತಿದ. ಕಾಗದಕ್ಕೆ ಇಬ್ಬರೂ ಉತ್ತರ ಕೊಟ್ಟಿರಲಿಲ್ಲ. ಹದಿನಾಲ್ಕು ಜನವೂ ಮನೆಗೆ ಬರುವ ಪ್ರಚಾರದವರ ಹತ್ತಿರ ಒಂದೇ ಮಾತು ಹೇಳುವುದೆಂದು ನಿಶ್ಚಯವಾಯಿತು: "ಇನ್ನೂ ಯೋಚನೆ ಮಾಡಿಲ್ಲ." ಒಬ್ಬನ ಅತ್ತಿಗೆ, ಇನ್ನೊಬ್ಬಳ ತಾಯಿ, ಮತ್ತೊಬ್ಬನ ಅಂಗಡಿಯವರು ಸೇರಿ ಹದಿನಾಲ್ಕು ನಲವತ್ತಾಯಿತು. ಪಟ್ಟಿಯಲ್ಲಿ ಹಳದಿ ಹಬ್ಬತೊಡಗಿತು. ಪಕ್ಷದ ಕಚೇರಿಯಲ್ಲಿ ಬೆವರಿಳಿಯಿತು.

ಗುರುವಾರ ಬೆಳಿಗ್ಗೆ ಟೀಚರ್‌ನ ಮನೆಯ ಬಾಗಿಲು ತಟ್ಟಿದ ಸದ್ದಾಯಿತು. ಬೇರೆ ವಾರ್ಡಿನಿಂದ ಸಹಾಯಕ್ಕೆ ಬಂದ ಇಬ್ಬರು ಕಾರ್ಯಕರ್ತರು. ಕೈಯಲ್ಲಿ ಪಟ್ಟಿ, ಮುಖದಲ್ಲಿ ಅಗಲವಾದ ನಗು. ಅಭ್ಯರ್ಥಿಯ ಮನೆ ಇದೇ ಎಂದು ಪಾಪ ಅವರಿಗೆ ಗೊತ್ತಿರಲಿಲ್ಲ.

"ಅಮ್ಮಾ, ಈ ಸಲ ನಮ್ಮ ಟೀಚರ್‌ಗೇ ಹಾಕಬೇಕು. ತುಂಬಾ ಒಳ್ಳೆಯವರು."

"ಹೌದಾ? ನೀವು ನೋಡಿದ್ದೀರಾ?" ಎಂದಳು ಅಮ್ಮ.

"ನಮ್ಮ ಮನೆಯವರ ಥರಾನೇ ಅಮ್ಮ."

"ಅಡುಗೆ ಗಿಡುಗೆ ಬರುತ್ತಾ ಅವಳಿಗೆ?"

ಒಳಗೆ ಹುಡುಗಿ ಬಾಯಿಗೆ ದುಪಟ್ಟಾ ತುರುಕಿಕೊಂಡಳು. ಅಮ್ಮ ಅವರನ್ನು ಜಗಲಿಯಲ್ಲೇ ಕೂರಿಸಿ ಚಹಾ ಕೊಟ್ಟು, "ನಮ್ಮದೊಂದು ಬೇಡಿಕೆ ಇದೆ, ಬರ್ಕೊಳ್ಳಿ" ಎಂದಳು. ಅವರು ಪೆನ್ನು ತೆಗೆದರು. "ನಮ್ಮ ಮಹಡಿ ಮೇಲೊಬ್ಬ ಇದ್ದಾನೆ. ಅವನಿಗೆ ಆಸ್ಪತ್ರೇಲಿ ನನ್ನ ಮಗ ಸಹಿ ಹಾಕೋ ಹಾಗಾಗಬೇಕು. ಅಷ್ಟೇ."

ಹನ್ನೊಂದು ವರ್ಷ ಹೊದಿಕೆ ಒಗೆದ ಅಮ್ಮ ಈ ಮಾತನ್ನು ಮೊದಲ ಸಲ ಆಡಿದ್ದು ಗುರುತಿಲ್ಲದ ಇಬ್ಬರ ಮುಂದೆ. ಟೈಲರ್ ಒಳಗೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದ. ಅವನು ಸುಮ್ಮನೆ ಯಂತ್ರ ತುಳಿದ, ಬಟ್ಟೆಯೇ ಇಲ್ಲದೆ.

ಮಧ್ಯಾಹ್ನ ಟೀಚರ್ ಬಂದವಳು ಚಪ್ಪಲಿಯನ್ನೂ ಬಿಡಲಿಲ್ಲ. ಕಚೇರಿಯಲ್ಲಿ ಎಲ್ಲರೂ ನಕ್ಕಿದ್ದರು. ನಗುವುದಕ್ಕಿಂತ ಹೆಚ್ಚಾಗಿ ಹೆದರಿದ್ದರು.

"ನನ್ನ ಮನೇಲೇ ನನಗೆ ಪ್ರಚಾರ! ಮಾನ ಮರ್ಯಾದೆ ಇದೆಯಾ ನಿಮಗೆ? ಅಮ್ಮ, ನೀನೂ ಸೇರ್ಕೊಂಡ್ಯಾ?"

"ನಾನು ಇನ್ನೂ ಯೋಚನೆ ಮಾಡಿಲ್ಲ" ಎಂದಳು ಅಮ್ಮ, ಬೇಳೆ ಆರಿಸುತ್ತಾ.

"ಆ ಬಸ್ಸಿನವನು ಗೆಲ್ಲಲಿ ಅಂತ ತಾನೆ ನಿಮ್ಮಾಸೆ? ಗೆದ್ದ ಮಾರನೇ ದಿನ ಮೊದಲು ಕಲ್ಲು ಬೀಳೋದು ಮಹಡಿಗೆ."

"ಗೊತ್ತಕ್ಕ," ಎಂದ ಟೈಲರ್. "ಅದು ನಿನಗೂ ಗೊತ್ತು. ಅದಕ್ಕೇ ನಮ್ಮನ್ನ ಹಸಿರು ಮಾಡಿ ಮೂಲೇಲಿ ಕೂರಿಸಿದ್ದೀಯ. ನಾವು ಇನ್ನೆಲ್ಲಿಗೆ ಹೋಗ್ತೀವಿ ಅಂತ."

ಟೀಚರ್ ಬಾವುಟದ ರಾಶಿಯ ಮೇಲೆ ಕುಸಿದು ಕುಳಿತಳು. ಅಳು ಬಂತು, ಸಿಟ್ಟಿನ ಅಳು. "ನಾನು ಗೆದ್ದರೆ ತಾನೆ ಏನಾದ್ರೂ ಮಾಡಕ್ಕಾಗೋದು? ಮೊದಲು ಗೆಲ್ಲಕ್ಕೆ ಬಿಡ್ರೋ."

"ಬರೆದುಕೊಡು" ಎಂದ ಟೈಲರ್.

ಹುಡುಗಿ ಕಾಲೇಜಿನ ನೋಟ್‌ಬುಕ್ಕಿನಿಂದ ಹಾಳೆ ಹರಿದು ತಂದಳು. ಟೀಚರ್ ದುಂಡಗಿನ ಅಕ್ಷರದಲ್ಲಿ ಬರೆದಳು: ಗೆದ್ದ ಮೇಲೆ, ಸಮಯ ನೋಡಿ, ಆಸ್ಪತ್ರೆಯ ನಿಯಮ ಬದಲಿಸಲು ಸಭೆಯಲ್ಲಿ ಕೇಳುತ್ತೇನೆ. ಕೆಳಗೆ ಸಹಿ.

"ಸಮಯ ನೋಡಿ ಅಂದ್ರೆ ಏನು? ದಿನಾಂಕ ಹಾಕು" ಎಂದ ಟೈಲರ್.

ಕನ್ನಡಕದವನು ಮಹಡಿಯಿಂದ ಒಂದೊಂದೇ ಮೆಟ್ಟಿಲು ಇಳಿದು ಬಂದಿದ್ದ. ಮುಖ ಬಿಳಿಚಿಕೊಂಡಿತ್ತು. "ಸಾಕು ಬಿಡು. ಬರೆದಿದ್ದಾರಲ್ಲ, ಇನ್ನೂ ಎಷ್ಟು ಹಿಂಡ್ತೀಯ?"

"ಓಟು ಮುಗಿಯೋ ತನಕ ಯಾರಿಗೂ ತೋರಿಸಬೇಡ" ಎಂದಳು ಟೀಚರ್. ಟೈಲರ್ ಅದನ್ನು ಮಡಿಚಿ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡ. ಸಂಘದವರಿಗೆ ಇಷ್ಟೇ ಹೇಳಿದ: "ನನ್ನ ಅಕ್ಕ. ನಂಬಿ." ನಂಬಿದರು. ನಲವತ್ತು ಹಳದಿ ಚುಕ್ಕೆಗಳು ವಾರದೊಳಗೆ ಹಸಿರಾದವು.

ಟೀಚರ್ ಹತ್ತೊಂಬತ್ತು ಓಟಿನಿಂದ ಗೆದ್ದಳು.

ಮನೆಯಲ್ಲಿ ಆ ದಿನ ಮೀನು ಹುರಿದರು. ಊಟದ ಮೇಜು ವಾಪಸು ಸಿಕ್ಕಿತು, ಐದು ಜನವೂ ಅದರ ಸುತ್ತ ಕೂತರು. ಟೀಚರ್ ಮೊದಲ ಮೀನನ್ನು ಕನ್ನಡಕದವನ ತಟ್ಟೆಗೇ ಹಾಕಿದಳು. "ಹತ್ತೊಂಬತ್ತು! ನಿಮ್ಮ ನಲವತ್ತು ಇಲ್ದಿದ್ರೆ ನಾನೆಲ್ಲಿದ್ದೆ?" ಎಂದಳು. ಆ ಮಾತು ಅವಳ ಮನಸ್ಸಿನಿಂದಲೇ ಬಂದದ್ದು.

ಮೊದಲ ಸಭೆ ಆದ ಸಂಜೆ ಟೈಲರ್ ಬಾಗಿಲಲ್ಲೇ ಕಾದಿದ್ದ.

"ಇವತ್ತು ಬರೀ ಪ್ರಮಾಣವಚನ, ಹಾರ, ಫೋಟೋ" ಎಂದಳು ಟೀಚರ್.

ಎರಡನೇ ಸಭೆಗೆ ಮುಂಚೆ ಅವನು ಬೆಳಿಗ್ಗೆಯೇ ನೆನಪಿಸಿದ. ಟೀಚರ್ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. "ಅಧ್ಯಕ್ಷರ ಆಯ್ಕೆ ಇದೆ ಕಣೋ. ನಮ್ಮ ಕಡೆ ಎರಡು ಓಟು ಕಮ್ಮಿ. ಇಬ್ಬರು ಹಿರಿಯರು ನಮ್ಮ ಜೊತೆ ಬರೋ ಹಾಗಿದ್ದಾರೆ. ಈ ವಿಷಯ ತೆಗೆದರೆ ಎದ್ದು ಹೋಗ್ತಾರೆ."

"ಆಯ್ಕೆ ಆದ ಮೇಲೆ?"

"ಎಂಟು ತಿಂಗಳಲ್ಲಿ ದೊಡ್ಡ ಚುನಾವಣೆ. ಪಕ್ಷದವರು ಆ ತನಕ ಇಂಥದ್ದೇನೂ ಬೇಡ ಅಂದಿದ್ದಾರೆ. ನಾನೊಬ್ಬಳೇ ಏನು ಮಾಡ್ಲಿ?"

"ಆಪರೇಷನ್ ಮೂರು ವಾರಕ್ಕಿದೆ ಅಕ್ಕ. ಎಂಟು ತಿಂಗಳಿಗಲ್ಲ."

ಟೀಚರ್ ಚಾಕು ಕೆಳಗಿಟ್ಟಳು. "ಅದರ ಚಿಂತೆ ನನಗೆ ಬಿಡು."

ಸಂಘದಲ್ಲಿ ಟೈಲರ್ ಒಳಜೇಬಿನ ಹಾಳೆ ತೆಗೆದು ತೋರಿಸಿದ. ಪ್ರೆಸ್ಸಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಅದನ್ನು ಎರಡು ಸಲ ಓದಿ ವಾಪಸು ಕೊಟ್ಟಳು. "ಇದರಲ್ಲಿ ಸುಳ್ಳೇನೂ ಇಲ್ಲ. ಸಮಯ ನೋಡ್ತಾ ಇದ್ದಾರೆ" ಎಂದಳು. ಯಾರೂ ನಗಲಿಲ್ಲ. ಮುಂದಿನ ಭಾನುವಾರ ಬಂದವರು ಎಂಟೇ ಜನ.

ಆಪರೇಷನ್ ದಿನ ಬೆಳಿಗ್ಗೆ ಟೀಚರ್ ತಾನೇ ಆಸ್ಪತ್ರೆಗೆ ಬಂದಳು. ಒಪ್ಪಿಗೆ ಪತ್ರ ತೆಗೆದುಕೊಂಡು, ಸಂಬಂಧ ಎಂದಿದ್ದ ಕಡೆ ಅದೇ ದುಂಡಗಿನ ಅಕ್ಷರದಲ್ಲಿ 'ಅಕ್ಕ' ಎಂದು ಬರೆದು ಸಹಿ ಹಾಕಿದಳು. ಗುಮಾಸ್ತ ಎದ್ದು ನಿಂತು, "ನೀವು ಬರೋದು ಬೇಡಾಗಿತ್ತು ಮೇಡಂ, ಒಂದು ಫೋನ್ ಮಾಡಿದ್ರೆ ಸಾಕಿತ್ತು" ಎಂದ.

ಟೀಚರ್ ತಮ್ಮನನ್ನು ಪಕ್ಕಕ್ಕೆ ಕರೆದಳು. "ನೋಡಿದ್ಯಾ? ನಿಯಮ ಗಿಯಮ ಅಂತ ಒದ್ದಾಡಿದ್ದಷ್ಟೇ. ಕೆಲಸ ಆಯ್ತಲ್ಲ? ನೀನೂ ತಮ್ಮ ಅಂತ ಬರೆಸಿಬಿಡು, ನಾನು ಹೇಳ್ತೀನಿ."

"ತಮ್ಮ ಅಂತ ಬರೆಸಲ್ಲ."

"ಹಠ ಮಾಡಬೇಡ್ವೋ."

"ಹನ್ನೊಂದು ವರ್ಷ ಓನರ್ ಅನ್ನಿಸ್ಕೊಂಡಿದ್ದೀನಿ, ಅದನ್ನ ಹೇಗೋ ನುಂಗಿದ್ದೀನಿ. ಅವನಿಗೆ ನಾನು ತಮ್ಮ ಅಲ್ಲ ಅಕ್ಕ. ಅದೊಂದು ನನ್ನ ಬಾಯಲ್ಲಿ ಬರಲ್ಲ."

ಟೀಚರ್ ಅವನ ಭುಜದ ಮೇಲೆ ಕೈ ಇಟ್ಟಳು. ಆಮೇಲೆ ಗಡಿಯಾರ ನೋಡಿ ಸಭೆಗೆ ಹೊರಟಳು.

ಟೈಲರ್ ಮತ್ತು ಅಮ್ಮ ಬೆಂಚಿನ ಮೇಲೆ ಕೂತರು. ಕನ್ನಡಕದವನ ಕನ್ನಡಕ ಟೈಲರ್‌ನ ಅಂಗೈಯಲ್ಲಿತ್ತು. ಒಳಗೆ ಹೋಗುವ ಮುಂಚೆ ಅವನೇ ಕಳಚಿ ಕೊಟ್ಟಿದ್ದ. "ಎಚ್ಚರ ಆದ ತಕ್ಷಣ ತಾ. ಇಲ್ಲದಿದ್ರೆ ಬಂದವನು ನೀನೋ ಡಾಕ್ಟರೋ ಗೊತ್ತಾಗಲ್ಲ" ಎಂದು ನಗಿಸಿದ್ದ.

ಮಧ್ಯಾಹ್ನ ಮೂರಕ್ಕೆ ನರ್ಸ್ ಬಾಗಿಲು ತೆರೆದಳು. "ಚೆನ್ನಾಗಾಗಿದೆ. ಎಚ್ಚರ ಆಗಿದ್ದಾರೆ. ಅಕ್ಕ ಎಲ್ಲಿ?" ಟೈಲರ್ ಎದ್ದು ನಿಂತ. ಅವಳು ಅವನ ಮುಖ ನೋಡಿದಳು. "ನೀವು ನಮ್ಮ ಪರದೆ ಹೊಲಿಯೋ ಟೈಲರ್ ಅಲ್ವಾ? ಇವರು ನಿಮ್ಮ..."

"ನಮ್ಮ ಮನೇಲಿರೋದು."

"ಓನರ್‌ಗೆ ಬಿಡೋ ಹಾಗಿಲ್ಲ. ಮೇಡಂ ಸಹಿಗೆ ನಾವು ಕಣ್ಣು ಮುಚ್ಚಿದ್ದೇ ಹೆಚ್ಚು. ಬೇಜಾರು ಮಾಡ್ಕೋಬೇಡಿ."

ಟೈಲರ್ ಫೋನ್ ಮಾಡಿದ. ಟೀಚರ್ ಎತ್ತಲಿಲ್ಲ. ಆಗ ಅಮ್ಮ ಎದ್ದಳು, ಮೊಣಕಾಲು ಹಿಡಿದುಕೊಂಡು. "ನಾನು ಅವನ ತಾಯಿ" ಎಂದಳು. ನರ್ಸ್ ಒಂದು ಗಳಿಗೆ ಯೋಚಿಸಿ, ವಯಸ್ಸಾದವಳ ಮುಖ ನೋಡಿ, ಬಾಗಿಲು ಅಗಲ ಮಾಡಿದಳು. ಟೈಲರ್ ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸಿ ಅಮ್ಮನ ಕೈಗೆ ಕೊಟ್ಟ.

ಬಾಗಿಲು ಮುಚ್ಚಿತು. ಬಾಗಿಲಿನ ಗಾಜಿಗೆ ಅವನೇ ಹೊಲಿದ ಹಸಿರು ಪರದೆ ಇತ್ತು. ಹೋದ ವರ್ಷ ಅಳತೆ ತೆಗೆದು, ಸಂದು ಬಿಡದ ಹಾಗೆ ಅಚ್ಚುಕಟ್ಟಾಗಿ ಹೊಲಿದಿದ್ದ. ಒಳಗಿನದೇನೂ ಕಾಣುತ್ತಿರಲಿಲ್ಲ.

ಅಷ್ಟು ಹೊತ್ತಿಗೆ ಹುಡುಗಿ ಕಾಲೇಜು ಮುಗಿಸಿ ಓಡುತ್ತಾ ಬಂದಳು. ಬೆನ್ನಿನ ಚೀಲ ಇಳಿಸಿ, "ಹೇಗಿದ್ದಾರೆ ಮಾಮ?" ಎಂದು ಕೇಳಿ, ಉತ್ತರ ಕೇಳಿ ಕಣ್ಣೊರೆಸಿಕೊಂಡು, ಅವನ ಪಕ್ಕ ಕೂತಳು. ಚೀಲದ ಬಾಯಿಂದ ಉದ್ದನೆಯ ಹಾಳೆಗಳು ಇಣುಕುತ್ತಿದ್ದವು.

"ಅದೇನೇ?"

"ದೊಡ್ಡ ಚುನಾವಣೆ ಪಟ್ಟಿ. ಈಗಿಂದಲೇ ಶುರು ಮಾಡಿ ಅಂದಿದ್ದಾರೆ." ಅವಳು ತಲೆ ತಗ್ಗಿಸಿದಳು. "ಮಾಮ, ನಿನ್ನ ಸಾಲು ಖಾಲಿ ಬಿಟ್ಟಿದ್ದೀನಿ. ನೀನು ಹೇಳಿದ ಬಣ್ಣ ಹಾಕ್ತೀನಿ. ಅಮ್ಮ ಬೈದರೂ ಪರವಾಗಿಲ್ಲ."

ಟೈಲರ್ ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ತನ್ನ ಹೆಸರನ್ನು ನೋಡಿದ. ಬಸ್ ಮಾಲೀಕ ದೊಡ್ಡ ಚುನಾವಣೆಗೂ ನಿಲ್ಲುತ್ತಿದ್ದ. ಅವನ ಬಾವುಟದ ಆರ್ಡರ್ ಹೋದ ವಾರವೇ ಬಂದಿತ್ತು.

"ಹಸಿರೇ ಹಾಕು."

"ಮಾಮ?"

"ಇನ್ಯಾರಿಗೆ ಹಾಕ್ತೀನಿ ಹೇಳು. ಆ ಬಸ್ಸಿನವನಿಗಾ?"

ಅವಳು ಪೆನ್ನಿನ ಮುಚ್ಚಳ ತೆಗೆದು ಚುಕ್ಕೆ ಇಟ್ಟಳು. ಪೆನ್ನು ಕೆಳಗಿನ ಸಾಲಿಗೆ ಬಂದು ನಿಂತಿತು. "ಮೇಲಿನ ಮಾಮಂದು?"

"ಅವನನ್ನೇ ಕೇಳು," ಎಂದ ಟೈಲರ್, ಪರದೆಯ ಕಡೆ ನೋಡುತ್ತಾ. "ನೀನು ಅಕ್ಕನ ಮಗಳು. ನಿನ್ನನ್ನ ಒಳಗೆ ಬಿಡ್ತಾರೆ."